ಟವೆಲ್ಲಿನಡಿ ಕಾಣೆಯಾದ ಹಸು

ನಮ್ಮ ಗೌರಿಗೆ ಕಿವಿಯೋಲೆ ಹಾಕಿಸಿದ ದಿನ ಮನೆಯಲ್ಲಿ ಸಣ್ಣದೊಂದು ಹಬ್ಬ. ಚಿನ್ನದ್ದಲ್ಲ, ಹಳದಿ ಪ್ಲಾಸ್ಟಿಕ್ಕಿನದು. ಮೇಲೆ ಹನ್ನೆರಡು ಅಂಕೆ, ಒಂದು ಬಾರ್‌ಕೋಡ್. ನನ್ನ ಆಧಾರ್‌ಗೂ ಹನ್ನೆರಡೇ ಅಂಕೆ. ನನಗೆ ಬೆರಳು ಒತ್ತಿಸಿಕೊಂಡಿದ್ದರು, ಅವಳಿಗೆ ಕಿವಿ ಚುಚ್ಚಿದರು. ಸರ್ಕಾರದ ಕಣ್ಣಲ್ಲಿ ನಮ್ಮಿಬ್ಬರಿಗೆ ಉಳಿದ ವ್ಯತ್ಯಾಸ ಅಷ್ಟೇ. 'ಇನ್ನು ನಿಮ್ಮ ಹಸು ದೇಶದ ಯಾವ ಮೂಲೆಗೆ ಹೋದರೂ ಗೊತ್ತಾಗುತ್ತದೆ' ಎಂದು ಓಲೆ ಹಾಕಿದವರು ಭರವಸೆ ಕೊಟ್ಟರು. ಗೌರಿ ಅಲ್ಲಿಯವರೆಗೆ ಊರ ಕೆರೆಯ ಏರಿ ದಾಟಿದವಳಲ್ಲ.

ಉದ್ದೇಶದ ಬಗ್ಗೆ ನನ್ನದು ಚಕಾರವಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮಥುರಾದಲ್ಲಿ ಚಾಲನೆ ಕೊಟ್ಟ, ದನಗಳ ರೋಗ ತಡೆಯುವ ಈ ಕಾರ್ಯಕ್ರಮಕ್ಕೆ ತೆಗೆದಿರಿಸಿದ್ದು 12,000 ಕೋಟಿ ರೂಪಾಯಿಗೂ ಹೆಚ್ಚು. ಕಾಲುಬಾಯಿ ಜ್ವರ 2025ಕ್ಕೆ ಹತೋಟಿಗೆ, 2030ಕ್ಕೆ ನಿರ್ಮೂಲ ಎಂಬುದು ಆಗ ಇಟ್ಟುಕೊಂಡ ಗುರಿ. ಆರು ತಿಂಗಳಿಗೊಮ್ಮೆ ಲಸಿಕೆ, ಪ್ರತಿ ಲಸಿಕೆಯೂ ಓಲೆಯ ಸಂಖ್ಯೆಯೊಂದಿಗೆ ಆ್ಯಪ್‌ನೊಳಕ್ಕೆ. ರೋಗ ಕಾಣಿಸಿದರೆ ಅದು ಯಾವ ಹಟ್ಟಿಯಿಂದ ಯಾವ ಹಟ್ಟಿಗೆ ಹೋಯಿತೆಂದು ಜಾಡು ಹಿಡಿಯಬಹುದು. ಹಿಡಿಯುವವರು ಬೇಕು, ಆ ಮಾತು ಬೇರೆ.

ಲಸಿಕೆಯ ದಿನ ಬಂತು. ದನದ ಡಾಕ್ಟರು ಐಸ್ ಡಬ್ಬಿ ಹೆಗಲಿಗೇರಿಸಿಕೊಂಡೇ ಅಂಗಳಕ್ಕೆ ಕಾಲಿಟ್ಟರು. ಲಸಿಕೆ ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿರಬೇಕು, ಹೊರಗೆ ಮೂವತ್ತೈದರ ಬಿಸಿಲು. ಗೌರಿಯನ್ನು ಕಂಬಕ್ಕೆ ಬಿಗಿದು ಹಿಡಿದೆವು. ಆದರೆ ಸೂಜಿಗಿಂತ ಮೊದಲು ಓಟಿಪಿ ಬೇಕಂತೆ. ಅದು ಬರುವುದು ನನ್ನ ಮೊಬೈಲಿಗೆ, ಮೊಬೈಲಿಗೆ ಸಿಗ್ನಲ್ ಸಿಗುವುದು ಹುಲ್ಲಿನ ಬಣವೆಯ ತುದಿಯಲ್ಲಿ ಮಾತ್ರ. ನಾನು ಬಣವೆ ಹತ್ತಿದೆ. ಅಂಕೆಗಳನ್ನು ಮೇಲಿಂದ ಕೂಗಿದೆ. ಡಾಕ್ಟರು ಒತ್ತುವಷ್ಟರಲ್ಲಿ ಅವಧಿ ಮುಗಿದಿತ್ತು. ಮತ್ತೆ ಕೂಗಿದೆ. ಮೂರನೆಯ ಸಲಕ್ಕೆ ಗೌರಿಯೇ ತಲೆಯಾಡಿಸಿದಳು, ಪಾಠ ಬಂದಂತಿತ್ತು. ಐಸ್ ನೀರಾಗುತ್ತಿತ್ತು. ಆ ಮನುಷ್ಯರನ್ನು ಬೈದು ಪ್ರಯೋಜನವಿಲ್ಲ. ಏಳು ಹಳ್ಳಿಗೆ ಅವರೊಬ್ಬರೇ, ಸೂಜಿ ಹಿಡಿಯುವುದೂ ಅವರೇ, ಬೆರಳಚ್ಚುಗಾರರೂ ಅವರೇ.

ವೈರಸ್ಸಿಗೆ ಇಂಥ ಶಿಸ್ತಿಲ್ಲ. ಜೊಲ್ಲಿಗಂಟಿ, ಲಾರಿಯ ಹಲಗೆಗಂಟಿ, ಚಪ್ಪಲಿಗಂಟಿ ಕಾಲುಬಾಯಿ ಜ್ವರ ಊರೂರು ಸುತ್ತುತ್ತದೆ. 2022ರಲ್ಲಿ ದೊಡ್ಡದಾಗಿ ಹರಡಿದ ಚರ್ಮಗಂಟು ರೋಗ ನೊಣ, ಸೊಳ್ಳೆ, ಉಣ್ಣೆಗಳ ಬೆನ್ನೇರಿ ದೇಶದಲ್ಲಿ ಲಕ್ಷಕ್ಕೂ ಮಿಕ್ಕಿ ದನಗಳನ್ನು ಬಲಿ ತೆಗೆದುಕೊಂಡಿತು. ಆಗ ನಮ್ಮಲ್ಲಿ ಸಂತೆ ನಿಷೇಧಿಸಿದರು. ಸಂತೆ ಶಿಸ್ತಾಗಿ ಪಕ್ಕದ ಹುಣಸೆ ತೋಪಿಗೆ ವರ್ಗವಾಯಿತು.

ಓಲೆಗೆ ನಿಜವಾದ ಬೆಲೆ ಬರುವುದು ಹಸು ಸತ್ತ ಮೇಲೆ. ಓಲೆ ತೋರಿಸದಿದ್ದರೆ ವಿಮೆ ಇಲ್ಲ. ಹಾಗಾಗಿ ಸತ್ತ ಹಸುವಿನ ಕಿವಿಯನ್ನೇ ಕತ್ತರಿಸಿಟ್ಟುಕೊಳ್ಳುವವರಿದ್ದಾರೆ.

ಗೌರಿ ಸಾಯಲಿಲ್ಲ. ಮಗಳ ಫೀಸಿಗೆಂದು ಕಳೆದ ವರ್ಷ ಸಂತೆಗೆ ಹೊಡೆದುಕೊಂಡು ಹೋದೆ. ದಲ್ಲಾಳಿ ಹೆಗಲ ಟವೆಲ್ ತೆಗೆದು ನನ್ನ ಮತ್ತು ಕೊಳ್ಳುವವನ ಕೈಗಳ ಮೇಲೆ ಹೊದಿಸಿದ. ಟವೆಲ್ಲಿನ ಕೆಳಗೆ ಕೊಳ್ಳುವವನು ನನ್ನ ಬೆರಳುಗಳನ್ನು ಹಿಡಿದ, ಒತ್ತಿದ, ಒಂದನ್ನು ಬಿಟ್ಟ, ಮತ್ತೆ ಹಿಡಿದ. ಬೆರಳಲ್ಲೇ ಹೇಳಿದ ಬೆಲೆ ಪಕ್ಕದಲ್ಲಿ ನಿಂತವನಿಗೂ ತಿಳಿಯಲಿಲ್ಲ. ನಮ್ಮ ಅಜ್ಜಂದಿರು ಪಾಸ್‌ವರ್ಡ್ ಕಂಡುಹಿಡಿದದ್ದು ಹೀಗೆ. ವ್ಯಾಪಾರ ಕುದುರಿತು. 'ಹಳೇ ಮನೆಯ ಗುರುತು ಯಾಕೆ' ಎನ್ನುತ್ತಾ ದಲ್ಲಾಳಿ ಚಾಕುವಿನಿಂದ ಓಲೆ ಕೊಯ್ದು ಹುಲ್ಲಿಗೆ ಎಸೆದ. ಲಾರಿ ಹೊರಟಿತು.

ಮೊನ್ನೆ ಡಾಕ್ಟರು ಬಂದು ಖಾಲಿ ಗೂಟದ ಮುಂದೆ ನಿಂತರು. ಮೊಬೈಲಿನಲ್ಲಿ ಗೌರಿ ಇನ್ನೂ ಅಲ್ಲೇ ಇದ್ದಾಳೆ, ಲಸಿಕೆ ಬಾಕಿ ಎಂದು ಕೆಂಪಾಗಿ ತೋರಿಸುತ್ತಿದೆ. ಮಾರಿದ್ದೇನೆಂದೆ.

'ಹಾಗಾದರೆ ಕೊಂಡವರ ಹೆಸರಿಗೆ ವರ್ಗಾಯಿಸಬೇಕು, ಅವರ ಮೊಬೈಲ್ ನಂಬರ್ ಹೇಳಿ.'

ನನಗೆ ಗೊತ್ತಿರುವುದು ಆತನ ಬೆರಳುಗಳಷ್ಟೇ.