ರೀಲ್ಸ್ ಬೇರೆ, ಕೋಡಿಂಗ್ ಬೇರೆ

'ಈಗಿನ ಮಕ್ಕಳಿಗೆ ಟೆಕ್ನಾಲಜಿ ಹುಟ್ಟಿನಿಂದಲೇ ಬರುತ್ತೆ' ಅಂತ ಬರೆದಿದ್ದೀರಿ. ಒಪ್ಪಲ್ಲ ಸಾರ್. ನಮ್ಮದು ಕೊಡಗಿನ ನಾಪೋಕ್ಲು ಕಡೆ. ಎಂಟನೇ ಕ್ಲಾಸಿನ ಮಗಳು ರೀಲ್ಸ್ ಎಡಿಟಿಂಗಲ್ಲಿ ಎತ್ತಿದ ಕೈ, ಡೌನ್‌ಲೋಡ್ ಆದ ಫೈಲ್ ಎಲ್ಲಿದೆ ಅಂದ್ರೆ ಮಾತ್ರ ಕಣ್ಣು ಕಣ್ಣು ಬಿಡ್ತಾಳೆ. ಹೋದ ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋಯ್ತು. ಅದು ಮರುದಿನ ಬಂತು, ನೆಟ್‌ವರ್ಕ್ ಐದು ದಿನ ಇಲ್ಲ. ಹಳೇ ಲ್ಯಾಪ್‌ಟಾಪಲ್ಲಿ 'ಸ್ಕ್ರ್ಯಾಚ್' ಅನ್ನೋ ಸಾಫ್ಟ್‌ವೇರ್ ಇತ್ತು, ಬ್ಲಾಕ್ ಜೋಡಿಸಿ ಕೋಡಿಂಗ್ ಕಲಿಯೋದು. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಮಕ್ಕಳಿಗಂತಲೇ ಬಿಟ್ಟಿದ್ದು. ಒಮ್ಮೆ ಇನ್‌ಸ್ಟಾಲ್ ಮಾಡಿದ್ರೆ ನೆಟ್ ಬೇಡ. ಬೀಳೋ ಕಾಫಿ ಹಣ್ಣನ್ನ ಬುಟ್ಟಿಯಲ್ಲಿ ಹಿಡಿಯೋ ಆಟ ಮಾಡಿದ್ಲು. ಎಷ್ಟು ಹಿಡಿದ್ರೂ ಸ್ಕೋರ್ ಸೊನ್ನೆ! ಎರಡು ದಿನ ತಲೆ ಕೆಡಿಸ್ಕೊಂಡು ನೋಡಿದ್ರೆ, ಸ್ಕೋರ್ ಸೊನ್ನೆ ಮಾಡೋ ಬ್ಲಾಕನ್ನ ಲೂಪಿನ, ಅಂದ್ರೆ ಮತ್ತೆ ಮತ್ತೆ ಓಡೋ ಭಾಗದ, ಒಳಗೇ ಇಟ್ಟಿದ್ಲು. ಆಚೆ ತೆಗೆದಾಗ ಕಿರುಚಿದ್ದು ಪಕ್ಕದ ತೋಟಕ್ಕೂ ಕೇಳಿರಬೇಕು. ನೆಟ್ ಬಂದ ಮೇಲೆ? ಮತ್ತೆ ರೀಲ್ಸೇ, ಬಿಡಿ.