‘ಹೆಲ್ತ್ 99%’ ಅಂತ ತೋರಿಸೋ ಎಸ್‌ಎಸ್‌ಡಿಯೂ ಕೈಕೊಡುತ್ತೆ

ಮೌಸ್ ಓಡಾಡುತ್ತೆ, ಫೈಲ್ ಮಾತ್ರ ತೆರೆಯಲ್ಲ. ಅರ್ಧ ನಿಮಿಷ ಹಾಗೇ ನಿಂತು, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಎಲ್ಲ ಶುರುವಾಗುತ್ತೆ. ನಾಲ್ಕು ದಿನ ಬಿಟ್ಟು ನೀಲಿ ಸ್ಕ್ರೀನ್. ಇಂಥ ಕಂಪ್ಯೂಟರನ್ನ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌.ಪಿ. ರೋಡಿಗೆ ಹೊತ್ಕೊಂಡು ಹೋದರೆ ಸಿಗೋ ಮಾತು ಸಾಮಾನ್ಯವಾಗಿ ಎರಡೇ: ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡಿಯೋಣ ಸಾರ್’, ಇಲ್ಲವೇ ‘ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕ್ಸಿ’ (ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಜಾಗದಲ್ಲಿ ಬಂದಿರೋ, ಚಿಪ್‌ನಲ್ಲಿ ಡೇಟಾ ಇಡೋ ಡ್ರೈವ್). ಎರಡೂ ನಿಜ ಇರಬಹುದು. ಆದರೂ ಮನೆಯಲ್ಲಿ ಒಂದು ಗಂಟೆ ಕೂತು ನೋಡದೆ ಯಾವುದಕ್ಕೂ ಹ್ಞೂಂ ಅನ್ನಬೇಡಿ.

ನೋಡೋಕೂ ಮುಂಚೆ ಫೋಟೊ, ದಾಖಲೆ, ಟ್ಯಾಲಿ ಫೈಲು, ಏನೇನು ಬೇಕೋ ಅದನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಕಟಕಟ ಸದ್ದು ಮಾಡಿ ಎಚ್ಚರಿಸ್ತಿತ್ತು. ಎಸ್‌ಎಸ್‌ಡಿಗೆ ಆ ಸೌಜನ್ಯ ಇಲ್ಲ, ರಾತ್ರಿ ಸರಿಯಾಗಿದ್ದದ್ದು ಬೆಳಗ್ಗೆ, ಕಂಪ್ಯೂಟರ್ ಶುರುವಾಗುವಾಗ ಸಿಗೋ ಸೆಟ್ಟಿಂಗ್ ಪರದೆ ಬಯಾಸ್‌ನಲ್ಲೇ ಕಾಣಲ್ಲ. ಕಾಪಿ ಮುಗಿಯೋವರೆಗೆ ವಿಂಡೋಸ್‌ನ ಡಿಸ್ಕ್ ತಪಾಸಣೆ ಟೂಲ್ ಚೆಕ್‌ಡಿಸ್ಕ್ ಓಡಿಸಲೇಬೇಡಿ. ಕೊಟ್ಟ ಆಯ್ಕೆಗೆ ತಕ್ಕ ಹಾಗೆ ಅದು ಇಡೀ ಡಿಸ್ಕನ್ನ ಓದಿ, ತಿದ್ದೋಕೂ ಹೋಗುತ್ತೆ, ಉಸಿರು ಹಿಡಿದಿರೋ ಡ್ರೈವ್ ಅಲ್ಲೇ ಕುಸಿಯಬಹುದು. ಡ್ರೈವ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕೋ ಯೋಚನೆ ಇದ್ದರೆ ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ ಬಿಟ್‌ಲಾಕರ್ ಆನ್ ಆಗಿದೆಯಾ ನೋಡ್ಕೊಳ್ಳಿ. ವಿಂಡೋಸ್ 11ರ ಎಷ್ಟೋ ಯಂತ್ರಗಳಲ್ಲಿ ಅದು ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತೆ. 48 ಅಂಕಿಯ ರಿಕವರಿ ಕೀ ಕೈಲಿಲ್ಲದಿದ್ದರೆ ಡ್ರೈವ್ ಸರಿಯಾಗಿದ್ದೂ ಒಳಗಿನದು ಸಿಗಲ್ಲ.

ಈಗ ಪರೀಕ್ಷೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡ್ರೈವ್‌ನ ಆರೋಗ್ಯ ತೋರಿಸೋ ಒಂದು ತಂತ್ರಾಂಶ ಇದೆ. ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಗುಡ್, 99% ಅಂತಿದೆಯಲ್ಲ?’ ಅಂತ ಕೇಳದವರಿಲ್ಲ. ಆ ಶೇಕಡಾವಾರು ಹೇಳೋದು ಸವಕಳಿ ಎಷ್ಟಾಗಿದೆ ಅನ್ನೋದನ್ನ ಮಾತ್ರ. ಟೈರ್ ಸವೆದಿಲ್ಲ ಅಂದರೆ ಇಂಜಿನ್ನೂ ಚೆನ್ನಾಗಿದೆ ಅಂತೇನಿಲ್ಲವಲ್ಲ. 250 ಜಿಬಿ ಡ್ರೈವ್‌ಗೆ ಕಂಪನಿ 150 ಟೆರಾಬೈಟ್ ಬರವಣಿಗೆಯ ಮಿತಿ ಕೊಟ್ಟಿದೆ ಅಂದ್ಕೊಳ್ಳಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟೆರಾಬೈಟ್, ಅಂದರೆ ಇಪ್ಪತ್ತು ವರ್ಷದ ಬಾಳಿಕೆ. ಮನೆ ಬಳಕೆಯಲ್ಲಿ ಡೇಟಾ ಇಡೋ ಚಿಪ್ ಸವೆಯೋಕಿಂತ ಮೊದಲೇ, ಡ್ರೈವನ್ನ ನಡೆಸೋ ಕಂಟ್ರೋಲರೋ ಅದರೊಳಗಿನ ತಂತ್ರಾಂಶ ಫರ್ಮ್‌ವೇರೋ ಕೈಕೊಡೋದೇ ಹೆಚ್ಚು, ಅದು ಈ ಲೆಕ್ಕಕ್ಕೆ ಬರೋದೇ ಇಲ್ಲ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲೇ ಕೆಳಗೆ ಕಾಣೋ ಪಟ್ಟಿ ನೋಡಿ. ಮದರ್‌ಬೋರ್ಡಿಗೇ ನೇರವಾಗಿ ಕೂರೋ ಎನ್‌ವಿಎಂಇ ಆದರೆ ‘ಕ್ರಿಟಿಕಲ್ ವಾರ್ನಿಂಗ್’ ಮತ್ತು ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಎರಡೂ ಸೊನ್ನೆ ಇರಬೇಕು. ‘ಅವೇಲಬಲ್ ಸ್ಪೇರ್’ ನೂರರಿಂದ ಇಳಿಯುತ್ತಿದ್ದರೆ ಒಳಗೆ ಕೆಟ್ಟ ಬ್ಲಾಕ್‌ಗಳಿಗೆ ಬದಲಿ ಬ್ಲಾಕ್ ಖರ್ಚಾಗ್ತಿದೆ ಅಂತ ಅರ್ಥ. ಅಂಕಿಗಳು ಅಕ್ಷರ ಬೆರೆತ ಹೆಕ್ಸ್‌ನಲ್ಲಿ ಕಂಡು ಗಾಬರಿಯಾದರೆ ‘ರಾ ವ್ಯಾಲ್ಯೂಸ್’ ಸೆಟ್ಟಿಂಗನ್ನ ಡೆಸಿಮಲ್ಲಿಗೆ ಬದಲಿಸಿ.

ಕೇಬಲ್‌ನಲ್ಲಿ ಜೋಡಿಸೋ ಸಾಟಾ ಡ್ರೈವ್ ಆದರೆ ನೋಡಬೇಕಾದ್ದು ಸಿ7 ಸಾಲು, ಸಿಆರ್‌ಸಿ ಎರರ್ ಕೌಂಟ್. ಇದು ಡ್ರೈವ್‌ಗೂ ಮದರ್‌ಬೋರ್ಡ್‌ಗೂ ನಡುವಿನ ದಾರಿಯ ತಪ್ಪು, ಬಹುತೇಕ ಕೇಬಲ್ಲಿನದೇ. ಏರಿದ ಅಂಕಿ ಇಳಿಯಲ್ಲ, ಹಾಗಾಗಿ ಇವತ್ತಿನ ಸಂಖ್ಯೆ ಬರೆದಿಟ್ಟುಕೊಂಡು ಡೇಟಾ ಕೇಬಲ್ಲೂ ಪೋರ್ಟೂ ಬದಲಿಸಿ. ಒಂದು ವಾರ ಅಲ್ಲೇ ನಿಂತರೆ ರೋಗ ಕೇಬಲ್ಲಿಗಿತ್ತು, ನೂರು ರೂಪಾಯಿ ಆಸುಪಾಸಿನಲ್ಲಿ ಮುಗೀತು. ಪವರ್ ಕೇಬಲ್ ವಿಷಯದಲ್ಲಿ ಮಾತ್ರ ಹುಷಾರು: ಕಂಪ್ಯೂಟರಿಗೆ ಕರೆಂಟ್ ಕೊಡೋ ಪೆಟ್ಟಿಗೆ ಕೇಬಲ್ ಬಿಚ್ಚಿ ಹಾಕೋ ಹಾಗಿರೋ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಇನ್ನೊಂದರ ಕೇಬಲ್ ತಂದು ಸಿಕ್ಕಿಸಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ವೈರ್ ಜೋಡಣೆ ಬೇರೆ ಇರಬಹುದು, ಡ್ರೈವ್ ಸುಟ್ಟೇ ಹೋಗುತ್ತೆ.

ವಿಂಡೋಸ್‌ನ ದಾಖಲೆ ಪುಸ್ತಕ ಈವೆಂಟ್ ವ್ಯೂವರ್‌ನಲ್ಲಿ ‘ಸಿಸ್ಟಮ್’ ತೆರೆದು 7, 129, 153 ಈ ಮೂರು ಸಂಖ್ಯೆ ಹುಡುಕಿ. 7 ಅಂದರೆ ಕೆಟ್ಟ ಬ್ಲಾಕ್. 129 ಅಂದರೆ ಡ್ರೈವ್ ಉತ್ತರ ಕೊಡದೆ ರೀಸೆಟ್ ಮಾಡಬೇಕಾಯ್ತು ಅಂತ. 153 ಅಂದರೆ ಒಂದೇ ಕೆಲಸವನ್ನ ಮತ್ತೆ ಕೇಳಬೇಕಾಯ್ತು. ಹ್ಯಾಂಗ್ ಆದ ಹೊತ್ತಿಗೇ 129 ಬಿದ್ದಿದ್ದರೆ ಫಾರ್ಮ್ಯಾಟ್ ಹೊಡೆದು ಸಾಮಾನ್ಯವಾಗಿ ಏನೂ ಪ್ರಯೋಜನ ಇಲ್ಲ. ಈ ಮೂರೂ ಇಲ್ಲದೆ ನೀಲಿ ಸ್ಕ್ರೀನ್ ಮಾತ್ರ ಬರ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಇಡಿ. ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷೆ ರಾತ್ರಿ ಓಡಲಿ, ಒಂದೇ ಒಂದು ಎರರ್ ಬಂದರೂ ಮೆಮೊರಿ ಕೆಟ್ಟಿದೆ ಅನ್ನೋಕೆ ಸಾಕು.

ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡುವಾಗ ಮೊದಲು ಜೋರಾಗಿ ಓಡಿ ಆಮೇಲೆ ದಪ್ಪಂತ ಬೀಳೋದು ರೋಗ ಅಲ್ಲ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುರುಕೋ ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳಲ್ಲಿ ವೇಗದ ತಾತ್ಕಾಲಿಕ ಜಾಗ ಕ್ಯಾಶ್ ತುಂಬಿದ ಮೇಲೆ ಆಗೋದೇ ಹಾಗೆ. ಡ್ರೈವ್ ಭರ್ತಿಯಾಗಿದ್ದಷ್ಟೂ ಬೇಗ ಬೀಳುತ್ತೆ.

ಫರ್ಮ್‌ವೇರ್ ಕಡೆಗಣಿಸೋ ಹಾಗಿಲ್ಲ. ಸ್ಯಾಮ್‌ಸಂಗ್ 980 ಪ್ರೊದ 2 ಟಿಬಿ ಡ್ರೈವ್‌ಗಳು ಹಳೇ ಫರ್ಮ್‌ವೇರ್‌ನಿಂದ ಇದ್ದಕ್ಕಿದ್ದಂತೆ ಓದಲು ಮಾತ್ರ ಅನ್ನೋ ಸ್ಥಿತಿಗೆ ಹೋಗ್ತಿದ್ದವು, ಅಪ್‌ಡೇಟ್ ಬಂದಿದ್ದು ಆಮೇಲೆ. ಅಪ್‌ಡೇಟ್ ಮಾಡಿದರೂ ಹಾಗೆ ಲಾಕ್ ಆಗಿಹೋದ ಡ್ರೈವ್ ವಾಪಸ್ ಬರಲ್ಲ. ಬಯಾಸ್‌ನಲ್ಲಿ ಡ್ರೈವ್ ಹೆಸರು ‘ಸಾಟಾಫರ್ಮ್ ಎಸ್11’ ಅಂತ ಬದಲಾಗಿದ್ದರೆ ಫೈಸನ್ ಕಂಪನಿಯ ಕಂಟ್ರೋಲರ್ ತನ್ನ ಫರ್ಮ್‌ವೇರನ್ನೇ ಓದಲಾರದೆ ಕೂತಿದೆ. ಅಲ್ಲಿಗೆ ಮನೆಮದ್ದು ಮುಗೀತು.

ಇನ್ನು ನಮ್ಮೂರಿನದೇ ಕಾಟ. ಮೇ ತಿಂಗಳ ಮಳೆಗೆ ಬೆಸ್ಕಾಂ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡುವಾಗ ಎಸ್‌ಎಸ್‌ಡಿ ಯಾವ ಡೇಟಾ ಎಲ್ಲಿದೆ ಅನ್ನೋ ತನ್ನ ನಕ್ಷೆ ಬರೀತಿದ್ದರೆ ಅದು ಅರ್ಧಕ್ಕೆ ನಿಲ್ಲುತ್ತೆ. ಮನೆ ಬಳಕೆಯ ಡ್ರೈವ್‌ಗಳಲ್ಲಿ ಇದಕ್ಕೆ ಪೂರ್ತಿ ರಕ್ಷಣೆ ಸಾಮಾನ್ಯವಾಗಿ ಇರಲ್ಲ. ಹೀಗೆ ಕಾಣೆಯಾದ ಸಾಟಾ ಡ್ರೈವ್‌ಗೆ ಡೇಟಾ ಕೇಬಲ್ ಬಿಚ್ಚಿ, ಬರೀ ಪವರ್ ಕೊಟ್ಟು ಅರ್ಧ ಗಂಟೆ ಬಿಡಿ. ಅರ್ಧ ನಿಮಿಷ ಆಫ್ ಮಾಡಿ, ಇನ್ನೊಂದು ಸಲ ಹಾಗೇ ಮಾಡಿ. ಕೆಲವು ಡ್ರೈವ್‌ಗಳು ನಕ್ಷೆ ಸರಿಮಾಡಿಕೊಂಡು ಎದ್ದು ಬರ್ತವೆ. ಬಂದ ತಕ್ಷಣ ಕಾಪಿ ಮಾಡಿ. ಮನೆ ಇನ್ವರ್ಟರ್‌ಗೆ ಕಂಪ್ಯೂಟರ್ ಸಿಕ್ಕಿಸಿದ್ದರೆ ಇನ್ವರ್ಟರಿನ ಸ್ವಿಚ್ ‘ಯುಪಿಎಸ್ ಮೋಡ್‌’ನಲ್ಲಿದೆಯಾ ನೋಡಿ, ಇಲ್ಲದಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗೋ ಆ ಕ್ಷಣದಲ್ಲೇ ಯಂತ್ರ ರೀಸ್ಟಾರ್ಟ್ ಆಗಬಹುದು.

ವಾರಂಟಿ ಇದ್ದರೆ ಬಿಲ್ಲು, ಸೀರಿಯಲ್ ನಂಬರ್, ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಸ್ಕ್ರೀನ್‌ಶಾಟ್ ತಗೊಂಡು ಹೋಗಿ. ಬದಲಿ ಡ್ರೈವ್ ಕೊಡ್ತಾರೆ, ಹಳೇದು ಅವರಲ್ಲೇ ಉಳಿಯುತ್ತೆ. ಅದರಲ್ಲಿ ಬ್ಯಾಂಕಿನ ಕಾಗದ, ಆಧಾರ್ ಸ್ಕ್ಯಾನ್ ಇದ್ದು, ಡ್ರೈವ್ ಅಳಿಸೋಕೂ ಆಗದಷ್ಟು ಸತ್ತಿದ್ದರೆ, ವಾರಂಟಿ ಆಸೆ ಬಿಡೋದೇ ಮೇಲು ಅನ್ಸುತ್ತೆ ನನಗೆ.