ಎಲೈಜಾ ಬಾಯಲ್ಲಿ 'ಹ'

ಮಗಳ ಬಾಣಂತನಕ್ಕೆ ಅಂತ ನ್ಯೂಜೆರ್ಸಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ತಾಯಿ ಮಗು ಇಬ್ಬರೂ ನಿದ್ದೆಯಲ್ಲಿದ್ದರು. 'ಅತ್ತೆ, ಹಾಲು ತರೋಕೆ ಹೊರಟಿದ್ದೀನಿ, ನೀವೂ ಬನ್ನಿ, ಸ್ವಲ್ಪ ಗಾಳಿಯಾಡುತ್ತೆ' ಅಂದ ಅಳಿಯ. ಹಾಲಿನಂಗಡಿ ಪಕ್ಕದಲ್ಲೇ ಹಳೇ ಸಾಮಾನು ಮಾರುವ ಅಂಗಡಿ ಇತ್ತು. ಒಳಗೆ ಮೂಲೆಯಲ್ಲಿ ರಟ್ಟಿನ ಡಬ್ಬಗಳು, ಡಬ್ಬದ ತುಂಬ ಹಾಡಿನ ಎಲ್‌ಪಿ ಪ್ಲೇಟುಗಳು. ಯಾವುದು ತಗೊಂಡರೂ ಎರಡು ಡಾಲರ್. ಒಂದೇ ಡಬ್ಬದಲ್ಲಿ 'ಮೈ ಫೇರ್ ಲೇಡಿ' ಅನ್ನುವ ಇಂಗ್ಲಿಷ್ ಹಾಡಿನ ನಾಟಕದ್ದೇ ಮೂರು ಪ್ರತಿ ಇದ್ದವು. ಅಮೆರಿಕದಲ್ಲಿ ಹಳೇ ಪ್ಲೇಟು ಹುಡುಕುವವರಿಗೆ ಇದು ಗೊತ್ತಿರುವ ವಿಷಯವೇ. ಒಂದು ಕಾಲದಲ್ಲಿ ಮನೆಮನೆಯಲ್ಲೂ ಇದ್ದ ಪ್ಲೇಟು, ಹಾಗಾಗಿ ಈಗ ಅಗ್ಗ.

ಮೂರನ್ನೂ ತೆಗೆದು ನೋಡಿದೆ. ಎರಡರ ಮೇಲೆ 'ಸ್ಟೀರಿಯೊ' ಅಂತಿತ್ತು. ಮೂರನೆಯದರಲ್ಲಿ ಇರಲಿಲ್ಲ. ಅದರ ರಟ್ಟಿನ ಅಂಚು ಸವೆದಿತ್ತು. ಹಿಂಬದಿಯಲ್ಲಿ ಯಾರೋ ಹುಡುಗಿ ಇಂಕು ಪೆನ್ನಿನಲ್ಲಿ ದುಂಡಗೆ ತನ್ನ ಹೆಸರು ಬರೆದುಕೊಂಡಿದ್ದಳು. ಆ ಹೆಸರು ನೋಡಿಯೇ ಅದನ್ನು ಆರಿಸಿಕೊಂಡೆ. ನಾನು ಆರಿಸಿದ್ದು 1956ರ ಮೊದಲನೇ ಮೋನೊ ಧ್ವನಿಮುದ್ರಣ, ಅಂದರೆ ಎಡ ಬಲ ಅಂತಿಲ್ಲದೆ ಎಲ್ಲ ಸದ್ದೂ ಒಟ್ಟಿಗೇ ಬರುವಂಥದ್ದು, ಅಂತ ಗೊತ್ತಾಗಿದ್ದು ಮೈಸೂರಿಗೆ ಬಂದ ಮೇಲೆ.

ಅವತ್ತಿಂದ ಈ ಪ್ಲೇಟು ಎಷ್ಟು ಸಲ ಹಾಕಿದ್ದೀನೋ ಲೆಕ್ಕವಿಲ್ಲ. ಯಾಕೆ ಇಷ್ಟು ಹಚ್ಚಿಕೊಂಡೆ ಅಂತ ಇವತ್ತು ಬರೆಯಬೇಕು ಅನ್ನಿಸಿತು. ಉದ್ದ ಆಗುತ್ತೆ, ಓದಿ.

ಕತೆ ಬಹಳ ಜನಕ್ಕೆ ಗೊತ್ತು. ಲಂಡನ್ನಿನ ಕೋವೆಂಟ್ ಗಾರ್ಡನ್ ಹತ್ತಿರ ಹೂವು ಮಾರುವ ಎಲೈಜಾ. ಅವಳ ಮಾತು ಕಾಕ್ನಿ, ಅಂದರೆ ಲಂಡನ್ನಿನ ಬಡವರ ಆಡುಮಾತು. 'ಹ' ಬರಬೇಕಾದ ಕಡೆ ಬರುವುದಿಲ್ಲ. ಹೆನ್ರಿ ಹಿಗ್ಗಿನ್ಸ್ ಅನ್ನುವ ಉಚ್ಚಾರಣೆಯ ಪಂಡಿತ ಪಂತ ಕಟ್ಟಿ, ಅವಳಿಗೆ ದೊಡ್ಡವರ ಇಂಗ್ಲಿಷ್ ಕಲಿಸುತ್ತಾನೆ. ಬರ್ನಾರ್ಡ್ ಶಾ ಬರೆದ 'ಪಿಗ್ಮೇಲಿಯನ್' ನಾಟಕವನ್ನೇ ಅಲನ್ ಜೇ ಲರ್ನರ್ ಮತ್ತು ಫ್ರೆಡ್ರಿಕ್ ಲೋವೆ ಹಾಡಿನ ನಾಟಕ ಮಾಡಿದರು. 1956ರ ಮಾರ್ಚ್ 15ಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಮಾರ್ಕ್ ಹೆಲಿಂಜರ್ ಥಿಯೇಟರಿನಲ್ಲಿ ಶುರುವಾಯಿತು. ನಿಂತದ್ದು 1962ರಲ್ಲಿ, 2,717 ಆಟ ಆದ ಮೇಲೆ. ಹಿಗ್ಗಿನ್ಸ್ ಆಗಿದ್ದವರು ರೆಕ್ಸ್ ಹ್ಯಾರಿಸನ್. ಎಲೈಜಾ ಆಗಿದ್ದವಳು ಜೂಲಿ ಆಂಡ್ರೂಸ್. ಅವಳಿಗೆ ಆಗ ಬರೀ 20 ವರ್ಷ.

'ಹ' ಬರಲ್ಲ ಅಂದೆನಲ್ಲ, ನನಗೆ ಈ ಕತೆ ಅಲ್ಲೇ ಹಿಡಿದುಬಿಟ್ಟಿತು. ನಮ್ಮದು ಮಂಡ್ಯದ ಕಡೆ ಹಳ್ಳಿ. ನಮ್ಮವ್ವನಿಗೆ ಹಾಲು 'ಆಲು', ಹಸು 'ಅಸ', ಹೂವು 'ಊವ'. ನಾನೂ ಹಂಗೇ ಮಾತಾಡಿಕೊಂಡು ಬೆಳೆದವಳು. ಕಾಲೇಜಿಗೆ ಅಂತ ಹಾಸ್ಟೆಲ್ ಸೇರಿದಾಗ ಮೊದಲನೇ ವಾರವೇ ನನ್ನ ಬಾಯಿ ಕಟ್ಟಿಹೋಯಿತು. ನಾನು 'ಊವ' ಅಂದಾಗ ಇಡೀ ಕೋಣೆ ನಕ್ಕಿತ್ತು. ಒಬ್ಬರು ಮೇಡಂ ಕ್ಲಾಸಿನಲ್ಲೇ ನನ್ನನ್ನು ನಿಲ್ಲಿಸಿ 'ಹ' ಹತ್ತು ಸಲ ಹೇಳಿಸಿದರು. ಆ ಹೆದರಿಕೆಯಲ್ಲಿ ಬೇಡದ ಕಡೆಯೂ 'ಹ' ಬರೋಕೆ ಶುರುವಾಯಿತು. ಅಕ್ಕಿ ರೊಟ್ಟಿ ಹೋಗಿ 'ಹಕ್ಕಿ ರೊಟ್ಟಿ' ಆಯಿತು. ಅದಕ್ಕೆ ಇನ್ನೂ ಜಾಸ್ತಿ ನಗು. ಆಮೇಲೆ ಎಷ್ಟೋ ತಿಂಗಳು ನಾನು ಮಾತಾಡುವ ಮುಂಚೆ ಒಂದೊಂದು ಪದವನ್ನೂ ಒಳಗೇ ಹೇಳಿ ನೋಡಿಕೊಳ್ಳುತ್ತಿದ್ದೆ. ಈಗ ನನ್ನ ಮಾತು ಕೇಳಿದವರು ಮಂಡ್ಯ ಅಂತ ಹೇಳಲಾರರು. ಅದಕ್ಕೆ ಹೆಮ್ಮೆ ಪಡಬೇಕೋ ಸಂಕಟ ಪಡಬೇಕೋ ಅನ್ನುವುದು ಬೇರೆ ವಿಷಯ.

ಪ್ಲೇಟಿನ ಮೊದಲನೇ ಬದಿಯಲ್ಲಿ 'ಜಸ್ಟ್ ಯೂ ವೇಟ್' ಅಂತ ಒಂದು ಹಾಡು ಬರುತ್ತದೆ. ಹಿಗ್ಗಿನ್ಸ್ ಬೈದು ಬೈದು ಹೋಗಿರುತ್ತಾನೆ. ಎಲೈಜಾ ಒಬ್ಬಳೇ ಕೂತು, ಇರು ನಿನಗೆ ಮಾಡ್ತೀನಿ ಅಂತ ಹಲ್ಲು ಕಡಿಯುತ್ತಾಳೆ. ರಾಜನೇ ಬಂದು ಆ ಮೇಷ್ಟ್ರಿಗೆ ಮರಣದಂಡನೆ ಕೊಟ್ಟ ಹಾಗೆ ಕನಸು ಕಾಣುತ್ತಾಳೆ. ಅವನ ಹೆಸರಿನಲ್ಲಿ ಎರಡು 'ಹ' ಇವೆ. ಎರಡನ್ನೂ ನುಂಗಿ 'ಎನ್ರಿ ಇಗ್ಗಿನ್ಸ್' ಅನ್ನುತ್ತಾಳೆ. ಮೊದಲ ಸಲ ಅದನ್ನು ಕೇಳಿದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಟ್ಟೆ. ಹಾಸ್ಟೆಲ್ಲಿನ ಕತ್ತಲೆಯಲ್ಲಿ ದಿಂಬಿಗೆ ಮುಖ ಒತ್ತಿಕೊಂಡು ನಾನು ಏನೇನು ಅಂದುಕೊಂಡಿದ್ದೆನೋ, ಅದನ್ನೇ ಇವಳು ರಾಗ ಹಾಕಿ ಹಾಡುತ್ತಿದ್ದಳು.

ನನ್ನ ಪ್ಲೇಟನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲಾ ಕಡೆ ಕಪ್ಪಗೆ ಮಿಂಚುತ್ತದೆ. ಆ ಒಂದು ಹಾಡಿನ ಜಾಗ ಮಾತ್ರ ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿದೆ. ಮುಳ್ಳು ಮತ್ತೆ ಮತ್ತೆ ಓಡಾಡಿ ಗೀರು ಸವೆದರೆ ಹಾಗಾಗುತ್ತದೆ. ಅಲ್ಲಿ ಬಂದಾಗ ಕರಕರ ಸದ್ದು ಜಾಸ್ತಿ. ಹಿಂದೆ ಹೆಸರು ಬರೆದುಕೊಂಡಿದ್ದ ಹುಡುಗಿಯೂ ಈ ಹಾಡನ್ನೇ ಮತ್ತೆ ಮತ್ತೆ ಹಾಕಿಕೊಂಡಿರಬೇಕು. ಅವಳಿಗೂ ಯಾವನಾದರೂ ಹಿಗ್ಗಿನ್ಸ್ ಇದ್ದನೋ ಏನೋ.

ಇದಾದ ತಕ್ಷಣ 'ದಿ ರೇನ್ ಇನ್ ಸ್ಪೇನ್'. ಎಲೈಜಾಗೆ ಉಚ್ಚಾರಣೆ ಒಲಿಯುವ ಗಳಿಗೆ. ಹಾರ್ಟ್‌ಫರ್ಡ್, ಹೆರಿಫರ್ಡ್, ಹ್ಯಾಂಪ್‌ಶೈರ್ ಅಂತ ಸಾಲಾಗಿ 'ಹ' ಇರುವ ಊರುಗಳ ಹೆಸರು ಅವಳ ಬಾಯಿಂದ ಸಲೀಸಾಗಿ ಬರುತ್ತವೆ. ಅದರ ಬೆನ್ನಿಗೇ 'ಐ ಕುಡ್ ಹ್ಯಾವ್ ಡ್ಯಾನ್ಸ್ಡ್ ಆಲ್ ನೈಟ್'. ಆ ಹಾಡಿಗೆ ಮೊದಲನೇ ಬದಿ ಮುಗಿಯುತ್ತದೆ. ಎದ್ದು ಹೋಗಿ ಪ್ಲೇಟು ತಿರುಗಿಸಿ ಹಾಕಬೇಕು. ಈ ಮೂರು ಹಾಡು ಒಂದರ ಹಿಂದೆ ಒಂದು ಕೇಳಿ. ಒಂದೇ ಹುಡುಗಿ, ಸುಮಾರು ಹತ್ತೇ ನಿಮಿಷ. ಮೊದಲು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಕೊಂಡಿದ್ದ ದನಿ ಕೊನೆಗೆ ಬಾವಿ ನೀರಿನ ಹಾಗೆ ತಿಳಿಯಾಗಿ ಮೇಲೆ ಬರುತ್ತದೆ. ನೋಡೋಕೆ ಬಟ್ಟೆ ಇಲ್ಲ, ಬಣ್ಣ ಇಲ್ಲ, ಮುಖ ಇಲ್ಲ. ಬರೀ ಬಾಯಿ ಬದಲಾಗುವುದು ಕೇಳಿಸುತ್ತದೆ. ಈ ಕತೆ ಇರುವುದೇ ಕಿವಿಗೆ ಅಲ್ವಾ? ಕಣ್ಣಿಗೆ ಏನೂ ಇಲ್ಲದಿದ್ದಾಗಲೇ ಅದು ಪೂರ್ತಿ ದಕ್ಕುವುದು ಅನ್ನುವುದು ನನ್ನ ಅಭಿಪ್ರಾಯ.

ಜೂಲಿ ಹುಟ್ಟಿದ್ದು ಇಂಗ್ಲೆಂಡಿನಲ್ಲೇ ಆದರೂ ಅವಳಿಗೆ ಕಾಕ್ನಿ ಬರುತ್ತಿರಲಿಲ್ಲ. ಕಲಿಸಿದ್ದು ಅಮೆರಿಕದ ಒಬ್ಬ ಮೇಷ್ಟ್ರು! ತಾಯಿ ಪಿಯಾನೊ ನುಡಿಸುತ್ತಿದ್ದರು, ಮಲತಂದೆ ಹಾಡುಗಾರ. ಅವರ ಜೊತೆ ಊರೂರು ಸುತ್ತಿ ಚಿಕ್ಕಂದಿನಿಂದಲೇ ವೇದಿಕೆ ಮೇಲೆ ಹಾಡಿದವಳು. ನಮ್ಮ ಕಂಪನಿ ನಾಟಕದ ಮಕ್ಕಳು ಬೆಳೆಯುತ್ತಿದ್ದ ಹಾಗೆಯೇ. 12ನೇ ವಯಸ್ಸಿಗೆ ಲಂಡನ್ನಿನ ಹಿಪೊಡ್ರೋಮ್‌ನಲ್ಲಿ ಹಾಡಿ ಹೆಸರು ಮಾಡಿದ್ದಳು. ಹಾಡು ಬರುತ್ತಿತ್ತು, ಪಾತ್ರ ಮಾಡಿ ಅಷ್ಟು ಅಭ್ಯಾಸ ಇರಲಿಲ್ಲ. 'ಮೈ ಫೇರ್ ಲೇಡಿ' ತಾಲೀಮಿನಲ್ಲಿ ಎಲೈಜಾ ಕೈಗೆ ಸಿಗಲೇ ಇಲ್ಲ. ಆಗ ನಿರ್ದೇಶಕ ಮಾಸ್ ಹಾರ್ಟ್ ಉಳಿದವರಿಗೆಲ್ಲ ರಜೆ ಕೊಟ್ಟು, ಒಂದು ಶನಿವಾರ ಭಾನುವಾರ ಅವಳೊಬ್ಬಳನ್ನೇ ಕೂರಿಸಿಕೊಂಡು ಒಂದೊಂದು ಮಾತನ್ನೂ ತಿದ್ದಿದರು. ಅದು ಬೈಗುಳವೂ ಹೌದು, ಪಾಠವೂ ಹೌದು. ಸೋಮವಾರ ಅವಳು ಎಲೈಜಾ ಆಗಿ ಬಂದಳು ಅಂತ ಹೇಳುತ್ತಾರೆ. ಪಾತ್ರಕ್ಕೆ ಆದದ್ದೇ ಪಾತ್ರ ಮಾಡಿದವಳಿಗೂ ಆಯಿತು. 'ಜಸ್ಟ್ ಯೂ ವೇಟ್' ಕೇಳುವಾಗ ನನಗೆ ಆ ಎರಡು ದಿನ ನೆನಪಾಗುತ್ತದೆ.

ಧ್ವನಿಮುದ್ರಣದ ಕತೆಯೂ ಚೆನ್ನಾಗಿದೆ. ಈ ನಾಟಕಕ್ಕೆ ಬಂಡವಾಳ ಹಾಕಿದ್ದೇ ಸಿಬಿಎಸ್ ಅನ್ನುವ ಟೀವಿ ಕಂಪನಿ. ಪ್ಲೇಟು ತರುವ ಕೊಲಂಬಿಯಾ ರೆಕಾರ್ಡ್ಸ್ ಕೂಡ ಅವರದ್ದೇ. ಕೊಲಂಬಿಯಾದ ಗಾಡರ್ಡ್ ಲೀಬರ್ಸನ್ ಅವರಿಗೆ ನಾಟಕದ ಹಾಡುಗಳ ಮೇಲೆ ಬಹಳ ಪ್ರೀತಿ. ಅದಕ್ಕೂ ಹಿಂದಿನ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನಲ್ಲಿ ಒಂದು ಬದಿಗೆ ನಾಲ್ಕೈದು ನಿಮಿಷ ಹಿಡಿದರೆ ಹೆಚ್ಚು. 1948ರಲ್ಲಿ ಕೊಲಂಬಿಯಾ ಎಲ್‌ಪಿ ತಂದ ಮೇಲೆ ಒಂದು ಬದಿಗೆ 20 ನಿಮಿಷಕ್ಕೂ ಮೇಲೆ ಹಿಡಿಯಿತು. ಅರ್ಧ ನಾಟಕದ ಹಾಡುಗಳನ್ನು ಎದ್ದೇಳದೆ ಕೇಳಬಹುದು ಅಂತಾಯಿತು. ನಾಟಕ ಶುರುವಾಗಿ ಹತ್ತು ದಿನಕ್ಕೆ, ಮಾರ್ಚ್ 25ರ ಭಾನುವಾರ, ನ್ಯೂಯಾರ್ಕಿನ 30ನೇ ಬೀದಿಯ ಸ್ಟುಡಿಯೋದಲ್ಲಿ ಎಲ್ಲರನ್ನೂ ಸೇರಿಸಿ ಒಂದೇ ದಿನದಲ್ಲಿ ಮುಗಿಸಿದರು. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ. ಎತ್ತರದ ಸೂರು, ಮರದ ನೆಲ. ಮೂರು ವರ್ಷ ಆದ ಮೇಲೆ ಜಾಝ್ ವಾದಕ ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ನುಡಿಸಿದ್ದೂ ಅಲ್ಲೇ. 'ಮೈ ಫೇರ್ ಲೇಡಿ' ಪ್ಲೇಟು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಒಟ್ಟು 15 ವಾರ ಮೊದಲನೇ ಜಾಗದಲ್ಲಿತ್ತು.

ಆಮೇಲೆ ಸ್ಟೀರಿಯೊ ಬಂತು. 1959ರಲ್ಲಿ ಅದೇ ಮುಖ್ಯ ನಟರನ್ನು ಲಂಡನ್ನಿನಲ್ಲಿ ಸೇರಿಸಿ ಇನ್ನೊಂದು ಸಲ ಎಲ್ಲವನ್ನೂ ಹಾಡಿಸಿದರು. ಇವತ್ತು ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಹೊದಿಕೆ ಒಂದೇ ಥರ ಇರುವುದರಿಂದ ಗೊಂದಲ. ನನ್ನ ಒಬ್ಬ ಗೆಳತಿ ಸ್ಟೀರಿಯೊ ಪ್ರತಿಯೇ ಒಳ್ಳೆಯದು ಅನ್ನುತ್ತಾಳೆ. ವಾದ್ಯಗಳು ಎಡಕ್ಕೆ ಬಲಕ್ಕೆ ಹರಡಿಕೊಂಡು ಚೆನ್ನಾಗಿ ಕೇಳಿಸುತ್ತವೆ, ನಿಜ. ಆದರೆ ಅಷ್ಟು ಹೊತ್ತಿಗೆ ಜೂಲಿ ಮೂರು ವರ್ಷದಿಂದ ವಾರಕ್ಕೆ ಎಂಟೆಂಟು ಆಟ ಎಲೈಜಾ ಆಗಿದ್ದಳು. ಎಲ್ಲವೂ ನುಣುಪಾಗಿದೆ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ದನಿಗೆ ಮೊದಲೇ ಗೊತ್ತು. 1956ರದ್ದರಲ್ಲಿ ಆ ಖಾತ್ರಿ ಇಲ್ಲ. ಈ ಹಾಡು ನನ್ನಿಂದ ಆಗುತ್ತಾ ಅನ್ನುವ ಒಂದು ಚೂರು ಆತಂಕ ಇದೆ, ಆಗಿಯೇ ಹೋಯಿತಲ್ಲ ಅನ್ನುವ ಖುಷಿಯೂ ಇದೆ. ಎಲೈಜಾಗೆ ಬೇಕಾದ್ದು ಅದೇ. ನಾನಂತೂ ಮೋನೊ ಬಿಟ್ಟು ಕದಲುವವಳಲ್ಲ.

ಹೊದಿಕೆ ಚಿತ್ರದ ಬಗ್ಗೆ ಎರಡು ಮಾತು. ಬರೆದವರು ಅಲ್ ಹಿರ್ಷ್‌ಫೆಲ್ಡ್. ಮೇಲೆ ಮೋಡದಲ್ಲಿ ಗಡ್ಡದ ಬರ್ನಾರ್ಡ್ ಶಾ ಕೂತಿದ್ದಾರೆ. ಅವರ ಕೈಯ ದಾರಕ್ಕೆ ಹಿಗ್ಗಿನ್ಸ್ ಸೂತ್ರದ ಗೊಂಬೆಯ ಹಾಗೆ ಕುಣಿಯುತ್ತಿದ್ದಾನೆ. ಹಿಗ್ಗಿನ್ಸ್ ಕೈಯ ದಾರಕ್ಕೆ ಎಲೈಜಾ. ಎರಡನೇ ಬದಿಯಲ್ಲಿ 'ಶೋ ಮಿ', 'ವಿದೌಟ್ ಯೂ' ಹಾಡುಗಳಲ್ಲಿ ಆ ದಾರ ಪಟಪಟ ಹರಿಯುವುದು ಕೇಳಿಸುತ್ತದೆ. 'ವಿದೌಟ್ ಯೂ'ನಲ್ಲಂತೂ ಹಿಗ್ಗಿನ್ಸ್ ಕಲಿಸಿದ ಶುದ್ಧ ಇಂಗ್ಲಿಷಿನಲ್ಲೇ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಹ್ಯಾರಿಸನ್ ಹಾಡುಗಾರರಲ್ಲ, ತಾಳಕ್ಕೆ ಸರಿಯಾಗಿ ಮಾತಾಡುತ್ತಾರೆ ಅಷ್ಟೇ. ಅದು ಅವರಿಗೆ ಚೆನ್ನಾಗಿ ಒಪ್ಪುತ್ತದೆ, ಇಲ್ಲ ಅನ್ನಲ್ಲ. ಆದರೆ ಪ್ಲೇಟು ಅವಳದ್ದು.

ಸಿನಿಮಾ ಇದೆಯಲ್ಲ, ಅದನ್ನೇ ನೋಡಬಹುದಲ್ಲ ಅಂತ ಕೇಳುತ್ತಾರೆ. 1964ರ ಆ ಸಿನಿಮಾಗೆ ಜೂಲಿಯನ್ನು ತಗೊಳ್ಳಲಿಲ್ಲ. ಸಿನಿಮಾದಲ್ಲಿ ಅವಳಿಗೆ ಹೆಸರಿಲ್ಲ ಅಂತ ಆಡ್ರಿ ಹೆಪ್‌ಬರ್ನ್‌ಗೆ ಕೊಟ್ಟರು. ಆಡ್ರಿ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಹಾಡುಗಳ ಬಹುಪಾಲು ದನಿ ಅವರದ್ದಲ್ಲ, ಮಾರ್ನಿ ನಿಕ್ಸನ್ ಅವರದ್ದು. ದನಿಯೇ ಕತೆಯಾದ ಕಡೆ ಮುಖ ಒಬ್ಬರದ್ದು, ದನಿ ಇನ್ನೊಬ್ಬರದ್ದು. ನನಗೆ ಅದು ಒಗ್ಗುವುದಿಲ್ಲ. ಆ ವರ್ಷ ಸಿನಿಮಾಗೆ ಎಂಟು ಆಸ್ಕರ್ ಬಂದವು. ಉತ್ತಮ ನಟಿ ಆಸ್ಕರ್ ಮಾತ್ರ 'ಮೇರಿ ಪಾಪಿನ್ಸ್'ಗೆ ಜೂಲಿಯ ಕೈಗೇ ಹೋಯಿತು. ಅದನ್ನು ಓದಿದಾಗ ನನಗೇ ಬಂದಷ್ಟು ಸಂತೋಷವಾಗಿತ್ತು.

ಬ್ರಾಡ್‌ವೇ ಆಟವನ್ನು ಪೂರ್ತಿಯಾಗಿ ಯಾರೂ ಸಿನಿಮಾ ತೆಗೆದಿಡಲಿಲ್ಲ. ಟೀವಿಗೆ ಹಾಡಿದ ತುಣುಕುಗಳಿವೆ, ಅಷ್ಟೇ. 1997ರಲ್ಲಿ ಜೂಲಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿ ಹಾಡುವ ದನಿಯೇ ಹೊರಟುಹೋಯಿತು. ಮಾತು ಉಳಿಯಿತು. 'ಬ್ರಿಡ್ಜರ್‌ಟನ್' ಧಾರಾವಾಹಿಯಲ್ಲಿ ಲೇಡಿ ವಿಸ್ಲ್‌ಡೌನ್ ದನಿ ಕೇಳಿದ್ದೀರಲ್ಲ, ಅದು ಅವರೇ. ಆದರೆ 20 ವರ್ಷದ ಆ ಎಲೈಜಾ ಈಗ ಬದುಕಿರುವುದು ಈ 12 ಇಂಚಿನ ಗೀರುಗಳಲ್ಲಿ. ಮೊಬೈಲಿನಲ್ಲೂ ಕೇಳಬಹುದು, ಬೇಡ ಅನ್ನಲ್ಲ. ಅಲ್ಲಿ ಬೇಕಾದ ಹಾಡಿಗೆ ಹಾರುತ್ತೇವೆ, ನಡುವೆ ಫೋನ್ ಬರುತ್ತದೆ. ಪ್ಲೇಟು ಹಾಕಿದರೆ ಮುಳ್ಳು ಹೋದ ದಾರಿಯಲ್ಲೇ ನಾವೂ ಹೋಗಬೇಕು. ಎಲೈಜಾ ಬೈಸಿಕೊಂಡು, ಅತ್ತು, ಕಲಿತ ಮೇಲೆಯೇ ಕುಣಿತದ ಹಾಡು ಬರಬೇಕು.

ನಾಟಕದ ಕೊನೆ ನೆನಪಿದೆಯಾ? ಎಲೈಜಾ ಬಿಟ್ಟುಹೋದ ಮೇಲೆ ಹಿಗ್ಗಿನ್ಸ್ ಒಬ್ಬನೇ ಕೂತು ಯಂತ್ರ ಹಚ್ಚುತ್ತಾನೆ. ಮೊದಲ ದಿನ ಬಂದಾಗ ಹಿಡಿದಿಟ್ಟಿದ್ದ ಅವಳ ಹಳೇ ದನಿ, ಅದೇ ಕಾಕ್ನಿ, ಅದರಿಂದ ಬರುತ್ತದೆ. ಅವಳು ಸದ್ದಿಲ್ಲದೆ ಒಳಗೆ ಬಂದು ಯಂತ್ರ ನಿಲ್ಲಿಸುತ್ತಾಳೆ. ಮುಂದಿನ ಮಾತನ್ನು ತಾನೇ ಹೇಳುತ್ತಾಳೆ, ಹಳೇ ಮಾತಿನಲ್ಲೇ.

ಹೋದ ತಿಂಗಳು ಅವ್ವ ಊರಿಂದ ಬಂದಿದ್ದರು. ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನು ಪ್ಲೇಟಿನ ಧೂಳು ಒರೆಸಿ ಹಾಕಿದೆ. ಇಂಗ್ಲಿಷ್ ಒಂದಕ್ಷರ ಬರದ ಅವ್ವ ಸುಮ್ನೆ ಕೇಳುತ್ತಿದ್ದರು. 'ಜಸ್ಟ್ ಯೂ ವೇಟ್' ಬಂದಾಗ ಕೈ ನಿಂತಿತು.

'ಯಾರ್ ಮ್ಯಾಲವ್ವ ಅಂಗೆ ಕ್ವಾಪ ಮಾಡ್ಕಂಡವ್ಳೆ ಆ ಉಡ್ಗಿ?'

'ಅವಳ ಮೇಷ್ಟ್ರ ಮೇಲೆ.'

'ಯಾಕಂತೆ?'

'ಅವಳ ಮಾತು ಸರಿ ಇಲ್ಲ ಅಂತ ಬೈದ.'

ಅವ್ವ ಹಾಡು ಮುಗಿಯುವ ತನಕ ಏನೂ ಅನ್ನಲಿಲ್ಲ. ಆಮೇಲೆ ಇನ್ನೊಂದು ಕಂತೆ ಸೊಪ್ಪು ಎಳೆದುಕೊಂಡು, 'ಅದ್ನೇ ಇನ್ನೊಂದ್ ಸಲ ಆಕವ್ವ' ಅಂದರು.

'ಆಕ್ತೀನಿ ಇರವ್ವ' ಅಂತ ಎದ್ದೆ.